ಕುಮಟಾದ ಮನೆಗೆ ಹೊಸ ಕಂಪ್ಯೂಟರ್: ಐ5-12400 ಹಾಕಲೋ, ರೈಜೆನ್ 5 5600ಜಿ ಹಾಕಲೋ?

ಅಘನಾಶಿನಿ ದಡ:

ಎಲ್ಲರಿಗೂ ನಮಸ್ಕಾರ. ಮನೆಗೊಂದು ಡೆಸ್ಕ್‌ಟಾಪ್ ಜೋಡಿಸಬೇಕು. ಹುಡುಕಿ ಹುಡುಕಿ ಎರಡು ಪ್ರೊಸೆಸರಿಗೆ ಬಂದು ನಿಂತಿದ್ದೇನೆ: ಇಂಟೆಲ್ ಕೋರ್ ಐ5-12400 ಮತ್ತು ಎಎಂಡಿ ರೈಜೆನ್ 5 5600ಜಿ. ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಇದೆ. ಬೋರ್ಡ್ ಸೇರಿಸಿ ಲೆಕ್ಕ ಹಾಕಿದರೆ ಬೆಲೆಯಲ್ಲೂ ದೊಡ್ಡ ಅಂತರ ಕಾಣುತ್ತಿಲ್ಲ.

ಮುಖ್ಯ ಕೆಲಸ ಯಕ್ಷಗಾನದ ವಿಡಿಯೋ. ಕಾಲಮಿತಿ ಆಟ ಇದ್ದರೆ ಮೂರು–ನಾಲ್ಕು ಗಂಟೆ, ಇಡೀ ರಾತ್ರಿಯ ಬಯಲಾಟ ಇದ್ದರೆ ಆರು ಗಂಟೆಯೂ ಆಗುತ್ತದೆ. ಒಂದು ಮಿರರ್‌ಲೆಸ್ ಕ್ಯಾಮೆರಾ ರಂಗಸ್ಥಳದ ಎದುರಿಗೆ, ಒಂದು ಫೋನ್ ಭಾಗವತರ ಕಡೆಗೆ. ಎರಡನ್ನೂ ಜೋಡಿಸಿ ಯೂಟ್ಯೂಬಿಗೆ ಹಾಕಬೇಕು. ಇದಲ್ಲದೆ ಮಗನ ಪಿಯುಸಿ ಆನ್‌ಲೈನ್ ಕ್ಲಾಸು, ಅವನಿಗೆ ಸ್ವಲ್ಪ ಗೇಮು, ತೋಟದ ಲೆಕ್ಕಪತ್ರ.

ಗ್ರಾಫಿಕ್ಸ್ ಕಾರ್ಡ್ ಈಗ ತೆಗೆದುಕೊಳ್ಳುವಷ್ಟು ದುಡ್ಡಿಲ್ಲ. ಮುಂದಿನ ವರ್ಷ ನೋಡಬಹುದು. ಮನೆ ಸಮುದ್ರದಿಂದ ದೂರವಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಇನ್ವರ್ಟರ್ ಇದೆ. ಯಾವುದು ಹಾಕಬೇಕು, ಯಾಕೆ ಎಂದು ತಿಳಿದವರು ಬಿಡಿಸಿ ಹೇಳಿ.

ಸೋಂದೆ:

ಮೊದಲು ಒಂದು ಕೆಲಸ ಮಾಡಿ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ಕ್ಯಾಮೆರಾದ ಒಂದು ಫೈಲನ್ನು ಅದರಲ್ಲಿ ತೆರೆದು ಮೂರು ಸಾಲು ನೋಡಿ: ಫಾರ್ಮ್ಯಾಟ್ (ವಿಡಿಯೋ ಕುಗ್ಗಿಸಿದ ವಿಧಾನ), ಬಿಟ್ ಡೆಪ್ತ್ (ಬಣ್ಣದ ಮಟ್ಟಗಳು ಎಷ್ಟು ಸೂಕ್ಷ್ಮ), ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಿದೆ; 4:2:0, 4:2:2 ಎಂದು ಬರೆದಿರುತ್ತದೆ). ನಿಮ್ಮ ಕೆಲಸಕ್ಕೆ ಈ ಮೂರು ಸಾಲೇ ಪ್ರೊಸೆಸರ್ ಆರಿಸುತ್ತವೆ.

ಫೋನಿನ ವಿಡಿಯೋ ಸಾಮಾನ್ಯವಾಗಿ ಎಚ್.264 ಅಥವಾ ಎಚ್.265, 4:2:0. ಇದನ್ನು ಎರಡೂ ಪ್ರೊಸೆಸರಿನ ಗ್ರಾಫಿಕ್ಸ್ ಭಾಗ ತಾನೇ ಬಿಡಿಸಿಕೊಳ್ಳುತ್ತದೆ, ಕೋರುಗಳ ಮೇಲೆ ಭಾರ ಬೀಳುವುದಿಲ್ಲ. ಮಿರರ್‌ಲೆಸ್ ಕ್ಯಾಮೆರಾ ಎಚ್.265, 10 ಬಿಟ್, 4:2:2 ಬರೆಯುತ್ತಿದ್ದರೆ ಕಥೆ ಬೇರೆ. 12400ರ ಒಳಗಿನ ಗ್ರಾಫಿಕ್ಸ್ ಯುಎಚ್‌ಡಿ 730 ಇದನ್ನು ಹಾರ್ಡ್‌ವೇರಿನಲ್ಲೇ ಡಿಕೋಡ್ ಮಾಡುತ್ತದೆ, ಅಂದರೆ ಬಿಡಿಸಿಕೊಳ್ಳುತ್ತದೆ. 5600ಜಿಯ ವೇಗಾ ಗ್ರಾಫಿಕ್ಸಿಗೆ ಅದು ಬರುವುದಿಲ್ಲ. ಅಲ್ಲಿ ಪ್ರತಿ ಫ್ರೇಮನ್ನೂ ಕೋರುಗಳೇ ಬಿಡಿಸಬೇಕು. ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿನಲ್ಲಿ ಮುಂದೆ ಹಿಂದೆ ಎಳೆದಾಗ ಚಿತ್ರ ನಿಂತು ನಿಂತು ಬರುತ್ತದೆ, ಚಂಡೆಯ ಪೆಟ್ಟಿಗೆ ಸರಿಯಾಗಿ ಕಟ್ ಮಾಡಲು ಆಗುವುದಿಲ್ಲ. ಮುಂದೆ ಕಾರ್ಡ್ ಹಾಕಿದರೂ ಈ ತೊಂದರೆ ತಾನಾಗಿ ಹೋಗದು. ಎನ್‌ವಿಡಿಯಾದಲ್ಲಿ 4:2:2 ಡಿಕೋಡ್ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಿಂದ. ಕ್ಯಾಮೆರಾ ಎಚ್.264ರಲ್ಲಿ 10 ಬಿಟ್ 4:2:2 ಬರೆಯುತ್ತಿದ್ದರೆ ಮಾತ್ರ ಎರಡಕ್ಕೂ ಹಾರ್ಡ್‌ವೇರ್ ನೆರವಿಲ್ಲ. ಆಗ ಪ್ರಾಕ್ಸಿ (ಎಡಿಟಿಂಗಿಗಾಗಿ ಹಗುರ ನಕಲು) ಮಾಡಿಕೊಳ್ಳುವುದೇ ದಾರಿ.

ಇನ್ನೊಂದು ವಿಷಯ ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಮುಗಿದ ವಿಡಿಯೋವನ್ನು ಒಂದು ಫೈಲಾಗಿ ಬರೆಯುವುದು. ಇಂಟೆಲ್‌ನ ಕ್ವಿಕ್ ಸಿಂಕ್ ಎನ್‌ಕೋಡರ್ (ವಿಡಿಯೋ ಕುಗ್ಗಿಸಿ ಬರೆಯುವ ಭಾಗ) ಮತ್ತು ವೇಗಾದ ಎನ್‌ಕೋಡರ್ ಎರಡೂ ಕೆಲಸ ಮಾಡುತ್ತವೆ, ಆದರೆ ಒಂದೇ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಬಳಸುವ ದತ್ತಾಂಶ) ಎಚ್.264 ಬರೆದಾಗ ಕ್ವಿಕ್ ಸಿಂಕ್ ಚಿತ್ರ ಹೆಚ್ಚು ಸ್ವಚ್ಛ. ಯಕ್ಷಗಾನದಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಕಪ್ಪು ಹಿನ್ನೆಲೆ, ಕೆಂಪು–ಹಸಿರು ವೇಷ, ಗಿರಕಿ ಹೊಡೆಯುವಾಗಿನ ವೇಗ, ಎಲ್ಲವೂ ಎನ್‌ಕೋಡರಿಗೆ ಕಷ್ಟ ಕೊಡುವಂಥವೇ. ಬಿಟ್‌ರೇಟ್ ಕಡಿಮೆಯಾದರೆ ಕಿರೀಟದ ಸುತ್ತ ಚೌಕ ಚೌಕ ಒಡೆಯುತ್ತದೆ.

ಬರೀ ಕೋರುಗಳ ಶಕ್ತಿ ಹೋಲಿಸಿದರೆ ಎಲ್ಲ ಕೋರೂ ದುಡಿಯುವ ಕೆಲಸದಲ್ಲಿ 12400 ಸುಮಾರು ಶೇ 10ರಷ್ಟು ಮುಂದೆ. ಇಷ್ಟಕ್ಕೇ ಯಾರೂ ಪ್ರೊಸೆಸರ್ ಬದಲಿಸಬೇಕಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ 12400. ಆದರೆ ಅಂಗಡಿಯಲ್ಲಿ 12400ಎಫ್ ಕೊಟ್ಟರೆ ವಾಪಸ್ ಕೊಡಿ. ಕೊನೆಯ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಎಎಂಡಿ ಕಡೆಯೂ ಹಾಗೆಯೇ: 5500, 5600, 5600ಎಕ್ಸ್ ಇವುಗಳಲ್ಲಿ ಗ್ರಾಫಿಕ್ಸ್ ಇಲ್ಲ. 5600ಜಿ, 5600ಜಿಟಿ, 5500ಜಿಟಿ ಇವುಗಳಲ್ಲಿ ಇದೆ.

ಬೈತಖೋಲ:

ಸೋಂದೆಯವರು ಹೇಳಿದ್ದು ವಿಡಿಯೋ ಮಟ್ಟಿಗೆ ಸರಿ. ಆದರೆ ಮಗನ ಗೇಮು ಎಂಬುದನ್ನು ಅವರು ಮುಟ್ಟಲೇ ಇಲ್ಲ. ಕಾರ್ಡ್ ಇಲ್ಲದೆ ಒಂದು ವರ್ಷ ಕಳೆಯಬೇಕು ಎಂದರೆ 5600ಜಿಯ ವೇಗಾ 7 ಗ್ರಾಫಿಕ್ಸು ಯುಎಚ್‌ಡಿ 730ರ ಸುಮಾರು ಎರಡು ಪಟ್ಟು. ವ್ಯಾಲರೆಂಟ್‌ನಂಥ ಹಗುರ ಗೇಮ್ 1080ಪಿಯಲ್ಲಿ ಕಡಿಮೆ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 100 ಫ್ರೇಮ್ ದಾಟುತ್ತದೆ. ಜಿಟಿಎ 5 ಕೂಡ 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿದರೆ ಆಡಬಹುದು. ಯುಎಚ್‌ಡಿ 730ರಲ್ಲಿ ಅದಕ್ಕೆ 720ಪಿಗೆ ಇಳಿಯಬೇಕಾಗುತ್ತದೆ.

ಇದಕ್ಕೊಂದು ಷರತ್ತು ಇದೆ, ಅಂಗಡಿಯವರು ಹೇಳದೇ ಬಿಡುವುದು ಇದನ್ನೇ. ವೇಗಾಕ್ಕೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ಬಳಸುತ್ತದೆ. ಡಿಡಿಆರ್4-3200ರ ಒಂದೇ ಕಡ್ಡಿ ಹಾಕಿದರೆ ಸೆಕೆಂಡಿಗೆ 25.6 ಜಿಬಿ ಸಾಗುತ್ತದೆ, ಎರಡು ಹಾಕಿದರೆ 51.2 ಜಿಬಿ. 16 ಜಿಬಿಯ ಒಂದೇ ಕಡ್ಡಿ ಹಾಕಿದ 5600ಜಿ ಕೊಂಡು ‘ಗೇಮ್ ಓಡುವುದಿಲ್ಲ’ ಎಂದು ಬೇಸರಪಡುವವರು ಬಹಳ. 8+8 ಹಾಕಲೇಬೇಕು. ಆಮೇಲೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆನ್ ಮಾಡಬೇಕು. 3200 ಎಂದು ಬರೆದ ಎಷ್ಟೋ ಕಡ್ಡಿಗಳು ಅದನ್ನು ಆನ್ ಮಾಡುವ ತನಕ 2400 ಅಥವಾ 2666ರಲ್ಲೇ ಓಡುತ್ತಿರುತ್ತವೆ. ಬಯೋಸ್‌ನಲ್ಲೇ ಗ್ರಾಫಿಕ್ಸಿಗೆ 2 ಜಿಬಿ ಮೀಸಲಿಡಿ. ಆಗ ವಿಂಡೋಸಿಗೆ 14 ಜಿಬಿ ಉಳಿಯುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಮುಂದಿನ ವರ್ಷ ಕಾರ್ಡ್ ಹಾಕುವುದು ಖಂಡಿತ ಎಂದಾದರೆ ಮಾತ್ರ ನಾನೂ 12400 ಕಡೆಗೆ. ಕಾರಣ, 5600ಜಿಯಲ್ಲಿ ಇರುವುದು ಪಿಸಿಐಇ (ಪ್ರೊಸೆಸರ್ ಮತ್ತು ಕಾರ್ಡ್ ನಡುವಿನ ದತ್ತಾಂಶದ ದಾರಿ) 3.0. ಕಡಿಮೆ ಬೆಲೆಯ ಕಾರ್ಡುಗಳಿಗೆ ಇದು ಪೆಟ್ಟು. ಆರ್‌ಎಕ್ಸ್ 6400, 6500 ಎಕ್ಸ್‌ಟಿ ಇವಕ್ಕೆ ಆ ದಾರಿಯಲ್ಲಿ ನಾಲ್ಕೇ ಲೇನ್ (ಸಾಲು), 4.0 ಸ್ಲಾಟಿನಲ್ಲಿ ಸಾಕಾಗುವುದು 3.0ರಲ್ಲಿ ಅರ್ಧಕ್ಕೆ ಇಳಿದು, 4 ಜಿಬಿ ಮೆಮೊರಿ ತುಂಬಿದ ತಕ್ಷಣ ಗೇಮ್ ಎಡವುತ್ತದೆ. ಇವೆರಡರಲ್ಲೂ ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಹಾಗಾಗಿ ಎಡಿಟಿಂಗ್ ಮಾಡುವವರು ಇವುಗಳ ಹತ್ತಿರ ಹೋಗಬೇಡಿ. ಎಂಟು ಲೇನಿನ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಆದರೆ 3.0ರಲ್ಲಿ ಕಳೆದುಕೊಳ್ಳುವುದು ಸ್ವಲ್ಪವೇ.

ಅಘನಾಶಿನಿ ದಡ:

ಇಬ್ಬರಿಗೂ ಧನ್ಯವಾದ. ಮೀಡಿಯಾಇನ್ಫೋದಲ್ಲಿ ನೋಡಿದೆ. ಕ್ಯಾಮೆರಾದ ಫೈಲ್ ಎಚ್‌ಇವಿಸಿ (ಅಂದರೆ ಎಚ್.265), 10 ಬಿಟ್, 4:2:2, 4ಕೆ, ಬಿಟ್‌ರೇಟ್ 100 ಎಂಬಿಪಿಎಸ್. ಫೋನಿನದು ಎಚ್‌ಇವಿಸಿ 4:2:0; ಅದರಲ್ಲಿ ‘ಫ್ರೇಮ್ ರೇಟ್ ಮೋಡ್: ವೇರಿಯಬಲ್’ ಎಂದಿದೆ. ಇದರಿಂದ ತೊಂದರೆ ಇದೆಯೇ? ರ್‍ಯಾಮ್ ಬೆಲೆ ಕೇಳಿ ಗಾಬರಿಯಾಯಿತು. 16 ಜಿಬಿಯ ಒಂದೇ ಕಡ್ಡಿಯಲ್ಲಿ ಶುರು ಮಾಡಬಹುದೇ?

ಸೋಂದೆ:

ಹಾಗಿದ್ದರೆ 12400 ಎಂದು ತೀರ್ಮಾನಿಸಿ, ಇನ್ನು ಯೋಚಿಸಬೇಡಿ. ನಿಮ್ಮ ಕ್ಯಾಮೆರಾ ಬರೆಯುವ ಫೈಲಿಗೆ ಇವೆರಡರಲ್ಲಿ ಹೊಂದುವುದು ಅದೊಂದೇ.

ರ್‍ಯಾಮ್ ವಿಷಯದಲ್ಲೂ ಇದು ನಿಮಗೆ ಅನುಕೂಲ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದ್ದು ಎಲ್ಲರಿಗೂ ಗೊತ್ತಿದ್ದದ್ದೇ. 12400ಕ್ಕೆ ಹೊಂದುವ ಅಗ್ಗದ ಎಚ್610 ಮದರ್‌ಬೋರ್ಡಿನಲ್ಲಿ ರ್‍ಯಾಮಿಗೆ ಇರುವುದು ಎರಡೇ ಸ್ಲಾಟ್. 8+8 ಹಾಕಿದರೆ ನಾಳೆ 32 ಜಿಬಿ ಬೇಕೆಂದಾಗ ಎರಡನ್ನೂ ಕಿತ್ತು ಮಾರಬೇಕು. 5600ಜಿಯಲ್ಲಿ ಗೇಮಿಗಾಗಿ ಎರಡು ಕಡ್ಡಿ ಅನಿವಾರ್ಯ. 12400ರಲ್ಲಿ 16ರ ಒಂದು ಕಡ್ಡಿ ಹಾಕಿ, ಬೆಲೆ ಇಳಿದಾಗ ಅದೇ ಮಾದರಿಯ ಇನ್ನೊಂದು ಸೇರಿಸಿದರೆ ಸಾಕು. ಅಲ್ಲಿಯ ತನಕ ವೇಗ ಸ್ವಲ್ಪ ಕಡಿಮೆ ಇರುತ್ತದೆ, ಕೆಲಸ ನಿಲ್ಲುವುದಿಲ್ಲ. ಡಿಡಿಆರ್4 ಬೋರ್ಡನ್ನೇ ಕೇಳಿ. ಎಚ್610ರಲ್ಲಿ ಡಿಡಿಆರ್5 ಬೋರ್ಡುಗಳೂ ಇವೆ, ಒಂದರ ಕಡ್ಡಿ ಇನ್ನೊಂದಕ್ಕೆ ಕೂರುವುದಿಲ್ಲ.

ವೇರಿಯಬಲ್ ಫ್ರೇಮ್ ರೇಟಿನಿಂದ ಖಂಡಿತ ತೊಂದರೆ ಇದೆ. ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಫೋನ್ ಸೆಕೆಂಡಿಗೆ 30ರ ಬದಲು 29 ಚಿಲ್ಲರೆ ಫ್ರೇಮ್ ತೆಗೆಯುತ್ತದೆ. ಹತ್ತು ನಿಮಿಷದ ವಿಡಿಯೋದಲ್ಲಿ ಗೊತ್ತಾಗದು. ಮೂರು ಗಂಟೆಯ ಪ್ರಸಂಗದಲ್ಲಿ ಶುರುವಿಗೆ ಸರಿ ಹೊಂದಿಸಿದ ಭಾಗವತಿಕೆ ಕೊನೆಗೆ ಬಾಯಿಗೂ ತಾಳಕ್ಕೂ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದ ವಿಡಿಯೋ ಪುಟದಲ್ಲಿ ಫ್ರೇಮ್ ರೇಟ್ 30 ಆರಿಸಿ, ‘ಕಾನ್‌ಸ್ಟಂಟ್’ ಗುರುತಿಸಿ, ಎನ್‌ಕೋಡರ್ ಜಾಗದಲ್ಲಿ ಕ್ವಿಕ್ ಸಿಂಕ್ ಆರಿಸಿ ಮೊದಲು ಪರಿವರ್ತಿಸಿಕೊಳ್ಳಿ. ನಂತರವೇ ಟೈಮ್‌ಲೈನಿಗೆ ತನ್ನಿ.

ಈಗ ಡಿಸ್ಕ್ ಲೆಕ್ಕ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಎಂದರೆ ಗಂಟೆಗೆ 45 ಜಿಬಿ. ಇಡೀ ರಾತ್ರಿಯ ಆರು ಗಂಟೆಗೆ 270 ಜಿಬಿ, ಅದೂ ಕ್ಯಾಮೆರಾ ಒಂದರದ್ದೇ. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇಟ್ಟು ಒಂದು ಆಟ ಹಾಕಿದರೆ ಮುಗಿಯಿತು. 1 ಟಿಬಿ ಎಸ್‌ಎಸ್‌ಡಿ, ಜೊತೆಗೆ ಹಳೆಯದನ್ನು ಎತ್ತಿಡಲು 4 ಟಿಬಿ ಹಾರ್ಡ್‌ಡಿಸ್ಕ್ ಹಾಕಿ. ಹಾರ್ಡ್‌ಡಿಸ್ಕ್ ಕೊಳ್ಳುವಾಗ ಸಿಎಂಆರ್ ಮಾದರಿಯೇ (ಬರೆಯುವ ಸಾಲುಗಳು ಒಂದರ ಮೇಲೊಂದು ಬೀಳದ್ದು) ಎಂದು ಖಚಿತಪಡಿಸಿಕೊಳ್ಳಿ. ಸಾಲುಗಳು ಒಂದರ ಮೇಲೊಂದು ಬೀಳುವ ಎಸ್‌ಎಂಆರ್ ಡಿಸ್ಕಿಗೆ ಒಂದೇ ಸಲ ನೂರಾರು ಜಿಬಿ ಬರೆದರೆ ನಡುವೆ ವೇಗ ಪೂರ್ತಿ ಬಿದ್ದುಹೋಗುತ್ತದೆ.

ಯೂಟ್ಯೂಬಿನ ಮಿತಿ 12 ಗಂಟೆ ಅಥವಾ 256 ಜಿಬಿ, ಯಾವುದು ಕಡಿಮೆಯೋ ಅದು. 15 ನಿಮಿಷಕ್ಕಿಂತ ಉದ್ದದ್ದನ್ನು ಹಾಕಲು ಖಾತೆಯನ್ನು ಫೋನ್ ಸಂಖ್ಯೆಯಿಂದ ದೃಢೀಕರಿಸಿರಬೇಕು. 1080ಪಿಯಲ್ಲಿ 12 ಎಂಬಿಪಿಎಸ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಆರು ಗಂಟೆಯ ಆಟ 32 ಜಿಬಿ ಆಗುತ್ತದೆ. 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಅದು ಏರಲು ಮೂರೂವರೆ ಗಂಟೆಗಿಂತ ಹೆಚ್ಚು ಬೇಕು. ನಡುವೆ ಕರೆಂಟ್ ಹೋದರೆ ರೂಟರೂ ನಿಲ್ಲುತ್ತದೆ, ಆದ್ದರಿಂದ ರೂಟರನ್ನೂ ಇನ್ವರ್ಟರ್ ಲೈನಿಗೆ ಕೊಡಿ.

ಗೇರುಸೊಪ್ಪ:

ಪ್ರೊಸೆಸರ್ ಯಾವುದಾದರೂ ಇರಲಿ, ನಮ್ಮ ಕರಾವಳಿಯಲ್ಲಿ ಕಂಪ್ಯೂಟರ್ ಕೆಡುವುದು ಕರೆಂಟಿನಿಂದ, ಉಪ್ಪಿನಿಂದ. ಪಟ್ಟಿಯಲ್ಲಿ ಇದಕ್ಕೆ ದುಡ್ಡು ಮೊದಲೇ ತೆಗೆದಿಡಿ.

ಇನ್ವರ್ಟರ್ ಇದೆ ಎಂದಿರಿ. ಅದರ ಹಿಂದೆ ಅಥವಾ ಮುಂದೆ ‘ಯುಪಿಎಸ್’ ಮತ್ತು ‘ಇಕೋ’ ಅಥವಾ ‘ನಾರ್ಮಲ್’ ಎಂಬ ಸ್ವಿಚ್ ಇರುತ್ತದೆ. ಪವರ್ ಸಪ್ಲೈ ಒಳಗಿನ ಕೆಪಾಸಿಟರ್ ಕರೆಂಟ್ ಇಲ್ಲದೆ ಹಿಡಿದು ನಿಲ್ಲುವುದು 16 ಮಿಲಿಸೆಕೆಂಡಿನಷ್ಟು. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಸುಮಾರು 10 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಇಕೋ ಮೋಡಿನಲ್ಲಿ ಅದಕ್ಕಿಂತ ಬಹಳ ಹೊತ್ತು ಹಿಡಿಯುತ್ತದೆ, ಕಂಪ್ಯೂಟರ್ ಆರಿ ಮತ್ತೆ ಹೊತ್ತುತ್ತದೆ. ಎಕ್ಸ್‌ಪೋರ್ಟ್ ನಡುವೆ ಹೀಗಾದರೆ ಆರು ಗಂಟೆಯ ಫೈಲ್ ಪೂರ್ತಿ ಹಾಳು. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಕಂಪ್ಯೂಟರನ್ನು ಅದಕ್ಕೆ ಕೊಡಬೇಡಿ, ಸೈನ್ ವೇವ್ ಬೇಕು.

ಬೇರೆ ಯುಪಿಎಸ್ ತೆಗೆದುಕೊಳ್ಳುವುದಾದರೆ, ಕಾರ್ಡ್ ಇಲ್ಲದ ಈ ಕಂಪ್ಯೂಟರ್ ಮಾನಿಟರ್ ಸೇರಿ ಪೂರ್ತಿ ದುಡಿಯುವಾಗಲೂ 150 ವ್ಯಾಟ್ ಆಸುಪಾಸು. 600 ವಿಎ ಯುಪಿಎಸ್, ಅಂದರೆ ಸುಮಾರು 360 ವ್ಯಾಟ್, ಧಾರಾಳ ಸಾಕು. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಹೊಸತಿದ್ದಾಗ ಹಗುರ ಕೆಲಸದಲ್ಲಿ ಕಾಲು ಗಂಟೆ ಸಿಗಬಹುದು. ಮುಂದೆ ಕಾರ್ಡ್ ಬರುವುದು ಖಚಿತವಿದ್ದರೆ ಈಗಲೇ 1000 ವಿಎ ತೆಗೆದುಕೊಳ್ಳಿ.

ಪವರ್ ಸಪ್ಲೈ 450 ಅಥವಾ 550 ವ್ಯಾಟ್, 80 ಪ್ಲಸ್ ಬ್ರಾಂಝ್. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವುದನ್ನು ಹಾಕಲೇಬೇಡಿ. ಲೇಬಲ್ ಮೇಲೆ 100–240 ವೋಲ್ಟ್ ಎಂದು ಇರಲಿ. ಸಂಜೆ ಪಂಪುಗಳು ಹೊರಟಾಗ ವೋಲ್ಟೇಜ್ ಇಳಿದರೂ ಅದು ತಡೆದುಕೊಳ್ಳುತ್ತದೆ.

ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ಅರ್ಥ್ ಇಲ್ಲ ಎಂದೇ ಅರ್ಥ. ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರುಗಳು ಎರಡೂ ತಂತಿಯಿಂದ ಕ್ಯಾಬಿನೆಟ್ಟಿಗೆ ಜೋಡಿಸಿರುತ್ತವೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಲೈನಿನ ಅರ್ಧ ವೋಲ್ಟೇಜ್ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿಸಿ, 3 ವೋಲ್ಟಿಗಿಂತ ಕಡಿಮೆ ಬರಬೇಕು. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಬ್ರಾಡ್‌ಬ್ಯಾಂಡ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಕೀಳಿ. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಮೂಲಕ ಬರಬಹುದು.

ಉಪ್ಪಿನ ವಿಷಯ. ಸಮುದ್ರದ ಗಾಳಿಯಲ್ಲಿನ ಉಪ್ಪು ಧೂಳಿನ ಜೊತೆ ಬೋರ್ಡ್ ಮೇಲೆ ಕೂರುತ್ತದೆ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ನೀರು ಹೀರಿ ಕರಗಲು ಶುರುವಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಆ ಉಪ್ಪುನೀರು ರ್‍ಯಾಮಿನ ಕಾಲು, ಬೋರ್ಡಿನ ಸಣ್ಣ ಬೆಸುಗೆ ಎಲ್ಲವನ್ನೂ ತಿನ್ನುತ್ತದೆ. ಆದ್ದರಿಂದ ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕಂಪ್ಯೂಟರ್ ಹಚ್ಚಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪಡುಗಡೆ ಕಿಟಕಿಯ ಕೆಳಗೆ ಇಡಬೇಡಿ, ನೆಲದ ಮೇಲೂ ಬೇಡ. ಮುಂಭಾಗದಲ್ಲಿ ಜಾಲರಿ ಫಿಲ್ಟರ್ ಇರುವ ಕ್ಯಾಬಿನೆಟ್ ಆರಿಸಿ, ಮಳೆ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಒಳಗೆ ಬ್ಲೋವರಿನಿಂದ ಸ್ವಚ್ಛ ಮಾಡಿ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿಡಿ. ರ್‍ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ ಹಾಕಬೇಕು. ಹಿಂಭಾಗದ ಖಾಲಿ ಸ್ಲಾಟುಗಳ ತಗಡನ್ನು ಬಿಸಾಡಬೇಡಿ, ಹಲ್ಲಿ ಒಳಗೆ ಹೋಗುವುದು ಅಲ್ಲಿಂದಲೇ.

ಅಘನಾಶಿನಿ ದಡ:

ಇನ್ವರ್ಟರ್ ಸೈನ್ ವೇವ್, ಸ್ವಿಚ್ ಇಕೋದಲ್ಲಿತ್ತು, ಬದಲಿಸಿದೆ. ಬೋರ್ಡ್ ಯಾವುದು ನೋಡಲಿ? ಜೋಡಿಸುವಾಗ ಏನು ಜಾಗ್ರತೆ ಬೇಕು? ಮಡಗಾಂವಿನಲ್ಲೋ ಹುಬ್ಬಳ್ಳಿಯಲ್ಲೋ ತೆಗೆದುಕೊಂಡು ಮನೆಯಲ್ಲೇ ಜೋಡಿಸುವ ಯೋಚನೆ.

ಬೈತಖೋಲ:

ಎಲ್ಲಿ ತೆಗೆದುಕೊಂಡರೂ ಸೀಲ್ ಇರುವ ಪೆಟ್ಟಿಗೆಯ ಪ್ರೊಸೆಸರ್ ಕೇಳಿ. ಅದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ, ಫ್ಯಾನ್ ಕೂಡ ಒಳಗೇ ಬರುತ್ತದೆ. ‘ಟ್ರೇ’ ಎಂದು ಬಿಡಿಯಾಗಿ ಕೊಡುವುದು ಅಗ್ಗ, ಆದರೆ ಅದಕ್ಕೆ ಹೊಣೆ ಅಂಗಡಿ ಮಾತ್ರ. ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿಯ ಹೆಸರು ಪೂರ್ತಿ ಬರೆಸಿ.

ಎಚ್610 ಬೋರ್ಡಿನಲ್ಲಿ ಮೂರು ಸಂಗತಿ ನೋಡಿ. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಪಿಸಿಐಇ 3.0ರ ನಾಲ್ಕು ಲೇನ್ ಇರಲಿ. ಅಗ್ಗದ ಕೆಲವು ಬೋರ್ಡಿನಲ್ಲಿ ಎರಡೇ ಲೇನ್ ಇರುತ್ತದೆ. ಎಚ್‌ಡಿಎಂಐ 1.4 ಇದ್ದರೆ 4ಕೆ ಮಾನಿಟರಿನಲ್ಲಿ 30 ಹರ್ಟ್ಝ್ ಮಾತ್ರ ಸಿಗುತ್ತದೆ, 2.0 ಅಥವಾ ಡಿಸ್‌ಪ್ಲೇಪೋರ್ಟ್ ಇರುವುದು ಬೇಕು. ಕ್ಯಾಮೆರಾ ಕಾರ್ಡ್ ಓದಲು ಹಿಂಭಾಗದಲ್ಲಿ ಯುಎಸ್‌ಬಿ 3 ಕನಿಷ್ಠ ಎರಡು. ಸ್ವಲ್ಪ ಹೆಚ್ಚು ಕೊಡಲು ಆದರೆ ಬಿ660 ಹಾಕಿ: ಹೆಚ್ಚಿನವುಗಳಲ್ಲಿ ಪ್ರೊಸೆಸರಿಗೇ ನೇರ ಜೋಡಿಸಿದ 4.0 ಎಂ.2 ಸ್ಲಾಟ್ ಇರುತ್ತದೆ, ನಾಲ್ಕು ರ್‍ಯಾಮ್ ಸ್ಲಾಟಿನ ಮಾದರಿಯೂ ಸಿಗುತ್ತದೆ.

ಜೋಡಿಸುವಾಗ: ಇಂಟೆಲ್‌ನಲ್ಲಿ ಪಿನ್ನುಗಳು ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತು ಮತ್ತು ಅಂಚಿನ ಕಚ್ಚು ಹೊಂದಿಸಿ ಮೇಲಿಂದ ಇಳಿಸಿ ಬಿಡಿ, ಒತ್ತಬೇಡಿ, ಜಾರಿಸಬೇಡಿ. ಸನ್ನೆ ಹಾಕುವಾಗ ಬಿಗಿ ಅನಿಸುವುದು ಸಹಜ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿ ಬರುತ್ತದೆ. ಅದನ್ನು ಎತ್ತಿಡಿ, ವಾರಂಟಿಗೆ ಕೊಡುವಾಗ ಕೇಳುತ್ತಾರೆ.

ಹೆಚ್ಚು ತಪ್ಪಾಗುವುದು ಫ್ಯಾನಿನಲ್ಲಿ. ಅದಕ್ಕೆ ನಾಲ್ಕು ಒತ್ತುಪಿನ್. ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ, ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ‘ಟಕ್’ ಎನ್ನುವ ತನಕ ಒತ್ತಿ. ಆಮೇಲೆ ಬೋರ್ಡ್ ತಿರುಗಿಸಿ ನಾಲ್ಕೂ ಪಿನ್ನಿನ ಬಿಳಿ ಕಾಲು ಹೊರಗೆ ಬಂದು ಅಗಲಿಸಿದೆಯೇ ನೋಡಿ. ಒಂದು ಕೂರದಿದ್ದರೂ ಪ್ರೊಸೆಸರ್ ಕ್ಷಣದಲ್ಲಿ 100 ಡಿಗ್ರಿ ಮುಟ್ಟಿ ವೇಗ ಇಳಿಸಿಕೊಳ್ಳುತ್ತದೆ. ತಳದಲ್ಲಿ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ, ಬೆರಳು ತಾಗಿಸಬೇಡಿ, ಮೇಲೆ ಇನ್ನೊಂದು ಪದರ ಬಳಿಯಬೇಡಿ. ಸರಿಯಾಗಿ ಕೂತಿದ್ದರೆ ಮೇ ತಿಂಗಳ ಸೆಕೆಯಲ್ಲಿ ದೀರ್ಘ ಎಕ್ಸ್‌ಪೋರ್ಟ್ ಮಾಡುವಾಗ 80 ಡಿಗ್ರಿ ಮುಟ್ಟಿದರೂ ಹೆದರಬೇಕಿಲ್ಲ.

ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ (ಭದ್ರತೆಯ ವ್ಯವಸ್ಥೆ) ಅಲ್ಲಿ ‘ಪಿಟಿಟಿ’ ಎಂಬ ಹೆಸರಿನಲ್ಲಿ ಇರುತ್ತದೆ.

ಸೋಂದೆ:

ಮುಂದಿನ ವರ್ಷ ಕಾರ್ಡ್ ಹಾಕಿದ ದಿನಕ್ಕೆ ಒಂದು ಮಾತು ಬರೆದಿಟ್ಟುಕೊಳ್ಳಿ. ಕಾರ್ಡ್ ಕಂಡ ತಕ್ಷಣ ಎಷ್ಟೋ ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವೇ ನಿಲ್ಲಿಸಿಬಿಡುತ್ತವೆ. ಕಾರ್ಡ್ ಬಂದ ಮೇಲೆ ಕ್ಯಾಮೆರಾದ ಫೈಲ್ ಮೊದಲಿಗಿಂತ ನಿಧಾನವಾಗುವುದು ಇದರಿಂದಲೇ. ಬಯೋಸ್‌ನಲ್ಲಿ ‘ಐಜಿಪಿಯು ಮಲ್ಟಿ ಮಾನಿಟರ್’ ಎಂಬುದನ್ನು ಎನೇಬಲ್ ಮಾಡಿ, ಇಂಟೆಲ್ ಗ್ರಾಫಿಕ್ಸ್ ಡ್ರೈವರನ್ನು ತೆಗೆಯದೆ ಹಾಗೇ ಉಳಿಸಿ. ಮಾನಿಟರಿನ ಕೇಬಲ್ ಕಾರ್ಡಿಗೆ ಹೋಗಲಿ. ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವುದಾದರೆ ಪ್ರಿಫರೆನ್ಸಸ್‌ನ ಮೀಡಿಯಾ ಪುಟದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಕೆಳಗೆ ಇಂಟೆಲ್ ಗುರುತು ಇದೆಯೇ ನೋಡಿ. ಇದ್ದರೆ ಕಾರ್ಡು ಎಫೆಕ್ಟುಗಳನ್ನು ನೋಡಿಕೊಳ್ಳುತ್ತದೆ, 4:2:2 ಫೈಲನ್ನು 12400 ಬಿಡಿಸಿಕೊಡುತ್ತದೆ.